ಅಂಚೆಯ ಹಾದಿಯಲ್ಲಿ ಕಾರು: ಸ್ವೀಡನ್ನಿನಿಂದ ಓಲಾಂಡ್ ದ್ವೀಪಗಳ ಮೂಲಕ ಫಿನ್ಲೆಂಡಿಗೆ

ನಾರ್ಡಿಕ್ ದೇಶಗಳಲ್ಲಿ ಕಾರು ಓಡಿಸಿಕೊಂಡು ತಿರುಗಬೇಕೆಂದು ಹೊರಡುವವರಲ್ಲಿ ಹೆಚ್ಚಿನವರು ನಾರ್ವೆಯ ಕಡೆಗೇ ಮುಖ ಮಾಡುತ್ತಾರೆ. ನಮಗೂ ಮೊದಲು ಸಿಕ್ಕ ಸಲಹೆ ಅದೇ. ಆದರೆ ಸಾಗರದ ಶಾಲೆಯಲ್ಲಿ ನನ್ನೊಂದಿಗೆ ಓದಿ, ಈಗ ಸ್ಟಾಕ್‌ಹೋಮಿನಲ್ಲಿ ನೆಲೆಸಿರುವ ಗೆಳೆಯ ಬೇರೆಯೇ ಒಂದು ದಾರಿಯನ್ನು ಸೂಚಿಸಿದ. ಫಿನ್ಲೆಂಡ್ ಇನ್ನೂ ಸ್ವೀಡನ್ ರಾಜ್ಯದ ಭಾಗವಾಗಿದ್ದ ಕಾಲದಲ್ಲಿ, 1638ರಲ್ಲಿ, ಸ್ಟಾಕ್‌ಹೋಮಿನಿಂದ ಟುರ್ಕು ನಗರಕ್ಕೆ ಅಂಚೆ ಸಾಗಿಸಲು ಒಂದು ಮಾರ್ಗ ಏರ್ಪಟ್ಟಿತ್ತು. ಸ್ವೀಡನ್ನಿನ ಕರಾವಳಿಯ ಗ್ರಿಸ್ಲೆಹಾಮ್ನ್‌ವರೆಗೆ ರಸ್ತೆ, ಅಲ್ಲಿಂದ ದೋಣಿಯಲ್ಲಿ ಓಲಾಂಡ್ ಸಮುದ್ರ, ಬಳಿಕ ಎರಡೂ ತೀರಗಳ ನಡುವಿನ ಓಲಾಂಡ್ ದ್ವೀಪಗಳ ನೆಲ, ಮತ್ತೆ ನೀರು, ಮತ್ತೊಂದು ದ್ವೀಪ, ಹೀಗೆ ನೀರೂ ನೆಲವೂ ಸರದಿಯಂತೆ ಬರುತ್ತ ಫಿನ್ಲೆಂಡಿನ ತೀರ ಮುಟ್ಟುವ ಹಾದಿ ಅದು. ಇಂದಿಗೂ ಹೆಚ್ಚುಕಡಿಮೆ ಅದೇ ಜಾಡಿನಲ್ಲಿ ಕಾರಿನಲ್ಲಿ ಹೋಗಬಹುದು; ದೋಣಿಗಳ ಜಾಗಕ್ಕೆ ಫೆರಿಗಳು ಬಂದಿವೆ, ಅಷ್ಟೆ.

ಈ ಪ್ರವಾಸವನ್ನು ಯೋಜಿಸುವಾಗ ತಿಳಿದ ಮುಖ್ಯ ಸಂಗತಿಯೆಂದರೆ, ಇಲ್ಲಿ ರಸ್ತೆಯ ದೂರಕ್ಕೆ ಬೆಲೆಯೇ ಇಲ್ಲ. ಎಲ್ಲ ಸೇರಿಸಿದರೂ ಚಕ್ರ ಉರುಳುವುದು ಮುನ್ನೂರು ಕಿಲೋಮೀಟರಿನ ಆಸುಪಾಸು. ಮನಸ್ಸು ಮಾಡಿದರೆ ಒಂದು ದಿನದ ಓಟ. ಆದರೆ ಫೆರಿಗಳ ವೇಳಾಪಟ್ಟಿ ಅದಕ್ಕೆ ಒಪ್ಪಬೇಕಲ್ಲ! ಹಾಗಾಗಿ ಮೊದಲು ಫೆರಿಗಳ ವೇಳೆ ನೋಡಿ ಕಾರಿಗೆ ಜಾಗ ಕಾದಿರಿಸಿ, ಆಮೇಲೆ ಅವುಗಳ ನಡುವಿನ ಬಿಡುವಿಗೆ ತಕ್ಕಂತೆ ವಸತಿ ಹುಡುಕಿದೆವು. ಜುಲೈ ತಿಂಗಳಲ್ಲಿ ಇಡೀ ಸ್ವೀಡನ್ನೇ ರಜೆಯಲ್ಲಿರುವುದರಿಂದ ಇದನ್ನು ತಿಂಗಳುಗಳ ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು. ಬಾಡಿಗೆ ಕಾರನ್ನು ಇನ್ನೊಂದು ದೇಶಕ್ಕೆ ಒಯ್ಯಲು ಕಂಪನಿಯಿಂದ ಬರಹದಲ್ಲಿ ಅನುಮತಿ ಪಡೆದೆವು. ಒಂದು ದೇಶದಲ್ಲಿ ಪಡೆದ ಕಾರನ್ನು ಇನ್ನೊಂದರಲ್ಲಿ ಬಿಟ್ಟರೆ ತೆರಬೇಕಾದ ಶುಲ್ಕ ಕೇಳಿ ಹೆಂಡತಿ ಹೌಹಾರಿದ್ದರಿಂದ, ಮರಳುವಾಗ ಟುರ್ಕುವಿನಿಂದ ರಾತ್ರಿಯ ದೊಡ್ಡ ಹಡಗಿನಲ್ಲಿ ಕಾರಿನ ಸಮೇತ ಸ್ಟಾಕ್‌ಹೋಮಿಗೆ ಬರುವುದೆಂದು ನಿಶ್ಚಯಿಸಿದೆವು.

ಗುರುವಾರ: ಗ್ರಿಸ್ಲೆಹಾಮ್ನ್

ನೋರ್‌ಟೆಲ್ಯೆ ಪಟ್ಟಣ ದಾಟಿದ ಮೇಲೆ ರಸ್ತೆ ಕಿರಿದಾಗಿ, ಬರ್ಚ್ ಮತ್ತು ಪೈನ್ ಮರಗಳ ನಡುವೆ ಏರಿಳಿಯುತ್ತ ಸಾಗುತ್ತದೆ. ನಡುನಡುವೆ ಗೋಧಿ ಹೊಲ, ಅದರ ಅಂಚಿನಲ್ಲಿ ಬಿಳಿ ಚೌಕಟ್ಟಿನ ಕಿಟಕಿಗಳಿರುವ ಕೆಂಪು ಮರದ ಮನೆ. ಈ ಕೆಂಪು ಬಣ್ಣ ಫಾಲುನ್ ಊರಿನ ತಾಮ್ರದ ಗಣಿಯ ಮಣ್ಣಿನಿಂದ ತಯಾರಾಗುವಂಥದ್ದು. ಶತಮಾನಗಳಿಂದ ಸ್ವೀಡನ್ನಿನ ಹಳ್ಳಿಗಳಿಗೆಲ್ಲ ಅದೇ ಬಣ್ಣ. ಹಗಲಿನಲ್ಲೂ ಕಾರಿನ ದೀಪ ಉರಿಯುತ್ತಿರಬೇಕೆಂಬುದು ಸ್ವೀಡನ್, ಫಿನ್ಲೆಂಡ್ ಎರಡರಲ್ಲೂ ಕಾನೂನು. ಬಲಬದಿಯ ಸಂಚಾರ ನಮಗೆ ಹೊಸದು. ಸ್ವೀಡನ್ನಿನವರೂ 1967ರ ಸೆಪ್ಟೆಂಬರ್ 3ರ ಬೆಳಗಿನವರೆಗೆ ನಮ್ಮ ಹಾಗೆ ಎಡಕ್ಕೇ ಓಡಿಸುತ್ತಿದ್ದರು ಎಂಬ ವಿಷಯ ಪ್ರತಿ ವೃತ್ತ ಬಂದಾಗಲೂ ನನಗೆ ಸ್ವಲ್ಪ ಧೈರ್ಯ ಕೊಡುತ್ತಿತ್ತು.

ಗ್ರಿಸ್ಲೆಹಾಮ್ನ್ ಒಂದು ಪುಟ್ಟ ಬಂದರು. ಮೀನುಗಾರರ ಹಳೆಯ ಗುಡಿಸಲುಗಳ ಸಾಲು, ಹೊಗೆಯಾಡಿಸಿದ ಮೀನು ಮಾರುವ ಅಂಗಡಿ, ಒಂದೆರಡು ಊಟದ ಮನೆ. ನಾನು ರೈ ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹುರಿದ ಸ್ಟ್ರೆಮ್ಮಿಂಗ್ ಮೀನು, ಆಲೂಗಡ್ಡೆಯ ಮುದ್ದೆ, ಲಿಂಗನ್ ಹಣ್ಣಿನ ಹುಳಿಸಿಹಿ ಪಾಕ ತರಿಸಿಕೊಂಡೆ. ಸಸ್ಯಾಹಾರಿಯಾದ ಹೆಂಡತಿಗೆ ಅದೇ ತಟ್ಟೆ, ಮೀನಿಲ್ಲದೆ. ಬಡಿಸಿದ ಹುಡುಗಿ ಪಾಪವೆನಿಸಿ ಒಂದು ಸೌಟು ಪಾಕ ಹೆಚ್ಚಾಗಿ ಹಾಕಿ ಹೋದಳು.

ಊಟದ ಬಳಿಕ ಬಂಡೆಗಳ ಮೇಲೆ ಕುಳಿತಿದ್ದಾಗ ನಾಯಿಯೊಂದಿಗೆ ಬಂದ ವೃದ್ಧರೊಬ್ಬರು ತಾವಾಗಿಯೇ ಮಾತಿಗೆ ತೊಡಗಿದರು. ಅಂಚೆ ಒಯ್ಯುವ ಕೆಲಸ ಸರ್ಕಾರಿ ನೌಕರರದ್ದಾಗಿರಲಿಲ್ಲವಂತೆ. ಎರಡೂ ದಡಗಳ ರೈತರಿಗೇ ಅದನ್ನು ವಹಿಸಿ, ಬದಲಿಗೆ ಅವರಿಗೆ ಸೈನ್ಯ ಸೇರುವುದರಿಂದ ವಿನಾಯಿತಿ ಕೊಟ್ಟಿದ್ದರು. ವಿನಾಯಿತಿಯೇನೋ ಸರಿ, ಆದರೆ ಎಂಥ ಹವೆಯಿದ್ದರೂ ಅಂಚೆಚೀಲ ಹೋಗಲೇಬೇಕು. ಚಳಿಗಾಲದಲ್ಲಿ ಸಮುದ್ರ ಅರೆಬರೆ ಹೆಪ್ಪುಗಟ್ಟಿದಾಗ ದೋಣಿಯನ್ನು ಮಂಜುಗಡ್ಡೆಯ ಮೇಲೆ ಎಳೆಯುವುದು, ಬಿರುಕು ಬಂದಲ್ಲಿ ನೀರಿಗಿಳಿಸಿ ಹುಟ್ಟು ಹಾಕುವುದು, ಮತ್ತೆ ಎಳೆಯುವುದು. ಹೋದವರೆಲ್ಲ ಮರಳುತ್ತಿರಲಿಲ್ಲ. ಈ ಏರ್ಪಾಡು ಮುಗಿದದ್ದು 1910ರಲ್ಲಿ. ಈಗ ಅವರ ನೆನಪಿಗಾಗಿ ಪ್ರತಿ ಬೇಸಿಗೆಯಲ್ಲಿ ಜನ ಹಳೆಯ ಕಾಲದ ಉಡುಪು ತೊಟ್ಟು ಅದೇ ಬಗೆಯ ದೋಣಿಗಳಲ್ಲಿ ಸಮುದ್ರ ದಾಟುವ ಸ್ಪರ್ಧೆ ನಡೆಸುತ್ತಾರೆ. ತಾವೂ ಪಾಲ್ಗೊಂಡಿದ್ದೆವೆಂದ ಆ ವೃದ್ಧರು, ಗಾಳಿ ಎದುರಿದ್ದರೆ ಅರ್ಧ ದಾರಿಯಲ್ಲಿ ಮನುಷ್ಯನಿಗೆ ತನ್ನ ಪೂರ್ವಿಕರ ಮೇಲೆ ಗೌರವವೂ ಸಿಟ್ಟೂ ಒಟ್ಟಿಗೇ ಬರುತ್ತವೆ ಎಂದರು. ಹತ್ತು ಗಂಟೆ ದಾಟಿದರೂ ಓದುವಷ್ಟು ಬೆಳಕಿತ್ತು. ಕೋಣೆಯ ಕಿಟಕಿಗೆ ಕಪ್ಪು ಪರದೆ ಎಳೆದ ಮೇಲೆಯೇ ನಿದ್ದೆ ಬಂದದ್ದು.

ಶುಕ್ರವಾರ: ಎಕ್ಕರೊ ಮತ್ತು ಮರಿಯೆಹಾಮ್ನ್

ಫೆರಿಗೆ ಕಾರು ಹತ್ತಿಸುವ ಕೆಲಸ ಹೊರಗಿನಿಂದ ನೋಡಿದಷ್ಟು ಭಯದ್ದಲ್ಲ. ಟಿಕೆಟ್ ಗೂಡಿನಲ್ಲಿ ಕೊಡುವ ಸಂಖ್ಯೆಯ ಸಾಲಿನಲ್ಲಿ ಹೋಗಿ ನಿಲ್ಲಬೇಕು, ಹಳದಿ ಅಂಗಿಯವನು ಕೈ ಬೀಸಿದಾಗ ನಿಧಾನವಾಗಿ ಒಳಕ್ಕೆ ನುಗ್ಗಬೇಕು, ಮುಂದಿನ ಕಾರಿನ ಬಾಲಕ್ಕೆ ಒಂದು ಗೇಣು ಬಿಟ್ಟು ನಿಲ್ಲಿಸು ಎಂದರೆ ನಿಜಕ್ಕೂ ಒಂದೇ ಗೇಣು ಬಿಟ್ಟು ನಿಲ್ಲಿಸಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಕಳ್ಳತನದ ಅಲಾರಂ ಇದ್ದರೆ ಅದನ್ನು ಆರಿಸಿ ಮೇಲಕ್ಕೆ ಹೋಗುವುದು. ಹಡಗು ಓಲಾಡಿದಾಗ ಅಲಾರಂ ಕೂಗಲು ಶುರುವಾದರೆ ಅದನ್ನು ನಿಲ್ಲಿಸಲು ಮಾಲೀಕ ಕೆಳಗಿಳಿಯುವಂತಿಲ್ಲ, ಏಕೆಂದರೆ ಪ್ರಯಾಣದ ವೇಳೆ ಕಾರುಗಳ ಅಂತಸ್ತು ಬೀಗ ಹಾಕಿರುತ್ತದೆ. ಮೆಟ್ಟಿಲ ಬಳಿಯ ಸಂಖ್ಯೆಯನ್ನು ಫೋನಿನಲ್ಲಿ ಚಿತ್ರ ತೆಗೆದುಕೊಂಡು, ಬೇಕಾದ ಸ್ವೆಟರು, ಮಾತ್ರೆ, ನೀರನ್ನು ಜೊತೆಗೊಯ್ದರೆ ಮಿಕ್ಕಿದ್ದೆಲ್ಲ ಸುಲಭ.

ಎರಡು ಗಂಟೆಯ ದಾರಿ ಅದು, ಆದರೆ ಗಡಿಯಾರದ ಲೆಕ್ಕದಲ್ಲಿ ಮೂರು. ಓಲಾಂಡ್ ಫಿನ್ಲೆಂಡಿಗೆ ಸೇರಿದ್ದರಿಂದ ಅಲ್ಲಿನ ಸಮಯ ಸ್ವೀಡನ್ನಿಗಿಂತ ಒಂದು ಗಂಟೆ ಮುಂದೆ. ಬೆಳಿಗ್ಗೆ ಹತ್ತಕ್ಕೆ ಬಿಟ್ಟ ಹಡಗು ಮಧ್ಯಾಹ್ನ ಒಂದಕ್ಕೆ ತಲುಪುತ್ತದೆ. ಅದೇ ದಿನ ಇನ್ನೊಂದು ಫೆರಿ ಹಿಡಿಯಬೇಕಾದವರು ಈ ಒಂದು ಗಂಟೆಯನ್ನು ಮರೆಯಬಾರದು.

ಹಡಗಿನಲ್ಲಿದ್ದವರಲ್ಲಿ ಬಹುಪಾಲು ನಿವೃತ್ತರು, ಮತ್ತು ಅವರಲ್ಲಿ ಅನೇಕರಿಗೆ ಓಲಾಂಡಿನಲ್ಲಿ ಏನೂ ಕೆಲಸವಿರಲಿಲ್ಲ. ಊಟ ಮಾಡುವುದು, ಅಂಗಡಿಯಲ್ಲಿ ಸಾಮಾನು ಕೊಳ್ಳುವುದು, ಹರಟುವುದು, ಅದೇ ಹಡಗಿನಲ್ಲಿ ಮರಳುವುದು. ಯುರೋಪಿಯನ್ ಒಕ್ಕೂಟದೊಳಗಿನ ಪ್ರಯಾಣದಲ್ಲಿ ಸುಂಕವಿಲ್ಲದ ಮಾರಾಟ 1999ರಲ್ಲಿ ನಿಂತುಹೋಯಿತು, ಆದರೆ ಓಲಾಂಡ್ ಒಕ್ಕೂಟದ ತೆರಿಗೆ ವ್ಯಾಪ್ತಿಯಿಂದ ಹೊರಗಿದೆ. ಹಾಗಾಗಿ ಅಲ್ಲಿಗೆ ಮುಟ್ಟಿ ಹೋಗುವ ಹಡಗುಗಳಲ್ಲಿ ಮಾತ್ರ ಅದು ಉಳಿದುಕೊಂಡಿದೆ. ಇಷ್ಟು ಚಿಕ್ಕ ದ್ವೀಪಸಮೂಹಕ್ಕೆ ಇಷ್ಟೊಂದು ಹಡಗುಗಳು ಏಕೆ ಓಡುತ್ತವೆ ಎಂಬ ಪ್ರಶ್ನೆಗೆ ಉತ್ತರ ಆ ಅಂಗಡಿಯ ಸರತಿ ಸಾಲಿನಲ್ಲಿತ್ತು.

ಎಕ್ಕರೊದಲ್ಲಿ ಇಳಿದಾಗ ಮೊದಲು ಕಣ್ಣಿಗೆ ಬೀಳುವುದು ರಸ್ತೆಯ ಬಣ್ಣ. ಇಲ್ಲಿನ ಕೆಂಪು ಗ್ರಾನೈಟನ್ನೇ ಒಡೆದು ಡಾಂಬರಿಗೆ ಬೆರೆಸುವುದರಿಂದ ರಸ್ತೆಗಳೆಲ್ಲ ಕೆಂಪಾಗಿವೆ. ಇಳಿದ ಸ್ವಲ್ಪ ಹೊತ್ತಿನಲ್ಲೇ, ಹಳ್ಳಿಯೆಂದರೆ ಹಳ್ಳಿಯಾದ ಆ ಜಾಗದಲ್ಲಿ, ಕಂಬಗಳ ಮುಖಮಂಟಪವಿರುವ ಒಂದು ಭವ್ಯ ಕಟ್ಟಡ ಎದುರಾಗುತ್ತದೆ. ಅದು ಅಂಚೆ ಮತ್ತು ಸುಂಕದ ಮನೆ. 1809ರಲ್ಲಿ ಸ್ವೀಡನ್ ಯುದ್ಧದಲ್ಲಿ ಸೋತು ಫಿನ್ಲೆಂಡಿನೊಂದಿಗೆ ಓಲಾಂಡನ್ನೂ ರಷ್ಯಾಕ್ಕೆ ಬಿಟ್ಟುಕೊಟ್ಟಿತು. ಆಗ ಈ ಹಳ್ಳಿ ರಷ್ಯಾ ಸಾಮ್ರಾಜ್ಯದ ಪಶ್ಚಿಮದ ಬಾಗಿಲಾಯಿತು. ಬಾಗಿಲಿಗೆ ತಕ್ಕ ಗತ್ತು ಬೇಕಲ್ಲವೇ? ಹೆಲ್ಸಿಂಕಿಯ ದೊಡ್ಡ ಚರ್ಚನ್ನು ರೂಪಿಸಿದ ಕಾರ್ಲ್ ಲುಡ್ವಿಗ್ ಎಂಗೆಲ್ ಅವರಿಂದಲೇ ನಕ್ಷೆ ಬರೆಯಿಸಿ 1828ರಲ್ಲಿ ಇದನ್ನು ಮುಗಿಸಿದರು. ಸಮುದ್ರ ದಾಟಿ ಬರುವ ಸ್ವೀಡನ್ನಿನ ರೈತ ಬೆರಗಾಗಲಿ ಎಂಬ ಉದ್ದೇಶವಿದ್ದರೆ ಅದು ಇಂದಿಗೂ ಈಡೇರುತ್ತಿದೆ.

ಮಧ್ಯಾಹ್ನದ ತಿಂಡಿಗೆ ಓಲಾಂಡಿನ ಪ್ಯಾನ್‌ಕೇಕ್ ತಿಂದೆವು. ಹೆಸರು ಕೇಳಿ ತೆಳ್ಳಗಿನ ದೋಸೆಯಂಥದ್ದನ್ನು ನಿರೀಕ್ಷಿಸಿದವರ ಮುಂದೆ ಎರಡು ಬೆರಳು ದಪ್ಪದ, ಒಲೆಯಲ್ಲಿ ಬೇಯಿಸಿ ಚೌಕವಾಗಿ ಕೊಯ್ದ ತುಂಡು ಬಂತು. ಹಾಲಿನಲ್ಲಿ ರವೆ ಬೇಯಿಸಿ, ಮೊಟ್ಟೆ, ಸಕ್ಕರೆ ಕೂಡಿಸಿ, ಧಾರಾಳವಾಗಿ ಏಲಕ್ಕಿ ಹಾಕಿ ಮಾಡಿದ್ದು; ಮೇಲೆ ಒಣ ಪ್ಲಮ್ಮಿನ ಪಾಕ ಮತ್ತು ಕಡೆದ ಕೆನೆ. ಹೆಂಡತಿ ಮೊದಲ ತುತ್ತಿಗೇ ಕಣ್ಣರಳಿಸಿ ಇನ್ನೊಂದು ತರಿಸಿದಳು. ಏಲಕ್ಕಿ ಇಷ್ಟು ದೂರದ ಹಳ್ಳಿಯ ಅಡುಗೆಮನೆ ಸೇರಿದ್ದು ಹೇಗೆ ಎಂದು ಕೇಳಿದ್ದಕ್ಕೆ ಅಂಗಡಿಯಾಕೆ, ನಮ್ಮಲ್ಲಿ ಪ್ರತಿ ಮನೆಯಲ್ಲೂ ಒಬ್ಬ ನಾವಿಕನಿದ್ದ, ಏನು ಬೇಕಾದರೂ ಬರುತ್ತಿತ್ತು ಎಂದು ನಕ್ಕಳು.

ಆ ನಾವಿಕರ ಗುರುತು ಮರಿಯೆಹಾಮ್ನ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1861ರಲ್ಲಿ ಸ್ಥಾಪನೆಯಾಗಿ ರಷ್ಯಾದ ಸಾಮ್ರಾಜ್ಞಿ ಮರಿಯಾಳ ಹೆಸರು ಪಡೆದ ಓಲಾಂಡಿನ ಈ ರಾಜಧಾನಿಯ ಪಶ್ಚಿಮ ಬಂದರಿನಲ್ಲಿ ಪೊಮ್ಮರ್ನ್ ಎಂಬ ನಾಲ್ಕು ಪಟಸ್ತಂಭಗಳ ಹಾಯಿಹಡಗು ನಿಂತಿದೆ. 1903ರಲ್ಲಿ ಗ್ಲಾಸ್ಗೋದಲ್ಲಿ ಕಟ್ಟಿದ್ದು. ಜಗತ್ತೆಲ್ಲ ಉಗಿಹಡಗಿಗೆ ಬದಲಾದ ಮೇಲೂ ಈ ಊರಿನ ಹಡಗು ಮಾಲೀಕ ಗುಸ್ತಾಫ್ ಎರಿಕ್ಸನ್ ಇಂಥ ಹಳೆಯ ಹಾಯಿಹಡಗುಗಳನ್ನು ಅಗ್ಗಕ್ಕೆ ಕೊಂಡು, ಆಸ್ಟ್ರೇಲಿಯಾದ ಗೋಧಿಯನ್ನು ಇಂಗ್ಲೆಂಡಿಗೆ ಸಾಗಿಸುವ ವ್ಯಾಪಾರದಲ್ಲಿ ತೊಡಗಿಸಿದ್ದರು. ಗಾಳಿಗೆ ಯಾರೂ ಹಣ ಕೇಳುವುದಿಲ್ಲವಷ್ಟೆ. ಹಡಗಿನ ಗರ್ಭಕ್ಕಿಳಿದು ಆ ಖಾಲಿ ಕಬ್ಬಿಣದ ಗವಿಯಲ್ಲಿ ನಿಂತಾಗಲೇ ಅದು ಹೊರುತ್ತಿದ್ದ ಹೊರೆಯ ಅಂದಾಜು ಸಿಗುವುದು. ಊರಿನಲ್ಲಿ ಕಾರು ನಿಲ್ಲಿಸುವವರು ನಿಲ್ಲಿಸಿದ ಹೊತ್ತನ್ನು ತೋರುವ ನೀಲಿ ರಟ್ಟಿನ ಚಕ್ರವನ್ನು ಗಾಜಿನ ಹಿಂದೆ ಇಡಬೇಕು. ಸ್ವೀಡನ್ನಿನ ಕಾರಿನಲ್ಲಿ ಅದು ಇರದಿರಬಹುದು, ಪೆಟ್ರೋಲ್ ಬಂಕಿನಲ್ಲಿ ಸಿಗುತ್ತದೆ.

ಶನಿವಾರ: ಬೂಮಾರ್‌ಸುಂಡ್, ವೋರ್ಡೊ

ಬೆಳಿಗ್ಗೆಯೇ ಸಣ್ಣ ಮಳೆ ಹಿಡಿದಿತ್ತು. ಪ್ರತಿ ಹಳ್ಳಿಯ ನಡುವೆಯೂ ಎಲೆ, ಬಣ್ಣದ ಕಾಗದ, ಪುಟ್ಟ ಹಾಯಿಹಡಗುಗಳಿಂದ ಸಿಂಗರಿಸಿದ ಎತ್ತರದ ಕಂಬ ನಿಂತಿತ್ತು. ಜೂನಿನ ನಡುಬೇಸಿಗೆ ಹಬ್ಬಕ್ಕೆ ನಿಲ್ಲಿಸಿದ ಕಂಬವನ್ನು ಇಲ್ಲಿನವರು ಮುಂದಿನ ವರ್ಷದವರೆಗೂ ಇಳಿಸುವುದಿಲ್ಲ. ಕಾಸ್ಟೆಲ್‌ಹೋಮ್ ಕೋಟೆಯನ್ನು ಕೊಡೆಯಡಿಯಲ್ಲೇ ನೋಡಿ ಮುಗಿಸಿದೆವು. ಸ್ವೀಡನ್ನಿನ ದೊರೆ ಹದಿನಾಲ್ಕನೆಯ ಎರಿಕ್ ಪದಚ್ಯುತನಾದ ಮೇಲೆ 1571ರಲ್ಲಿ ಸೆರೆಯಲ್ಲಿದ್ದ ಕೋಟೆಯಿದು ಎಂಬುದನ್ನು ಬಿಟ್ಟರೆ ಅದು ನನ್ನನ್ನು ಅಷ್ಟಾಗಿ ಹಿಡಿಯಲಿಲ್ಲ.

ಬೂಮಾರ್‌ಸುಂಡ್ ಹಿಡಿದುಬಿಟ್ಟಿತು. ರಷ್ಯನ್ನರು 1832ರಲ್ಲಿ ಇಲ್ಲಿ ದೊಡ್ಡ ಕೋಟೆ ಕಟ್ಟಲು ಆರಂಭಿಸಿದರು. ಕೆಲಸ ಮುಗಿಯುವ ಮೊದಲೇ, ಕ್ರಿಮಿಯಾ ಯುದ್ಧದ ವೇಳೆ 1854ರಲ್ಲಿ, ಬ್ರಿಟಿಷ್ ಮತ್ತು ಫ್ರೆಂಚ್ ಪಡೆಗಳು ಬಂದು ಅದನ್ನು ವಶಪಡಿಸಿಕೊಂಡು ಸಿಡಿಸಿದವು. ವಿಕ್ಟೋರಿಯಾ ಕ್ರಾಸ್ ಪದಕ ಸಂದ ಮೊತ್ತಮೊದಲ ಸಾಹಸ ನಡೆದದ್ದೂ ಇಲ್ಲಿನ ನೀರಿನಲ್ಲೇ. ಹಡಗಿನ ಮೇಲೆ ಬಿದ್ದ, ಇನ್ನೂ ಸಿಡಿಯದ ಗುಂಡನ್ನು ಬ್ರಿಟಿಷ್ ನೌಕಾಪಡೆಯ ಚಾರ್ಲ್ಸ್ ಲ್ಯೂಕಸ್ ಎತ್ತಿ ಸಮುದ್ರಕ್ಕೆಸೆದ. ಯುದ್ಧ ಮುಗಿದು 1856ರಲ್ಲಿ ಪ್ಯಾರಿಸ್ ಒಪ್ಪಂದವಾದಾಗ ಓಲಾಂಡಿನಲ್ಲಿ ಇನ್ನು ಕೋಟೆಯೂ ಸೈನ್ಯವೂ ಇರಕೂಡದೆಂದು ತೀರ್ಮಾನವಾಯಿತು, ಅದು ಈಗಲೂ ಜಾರಿಯಲ್ಲಿದೆ. ಷಟ್ಕೋನದ ಕಲ್ಲುಗಳನ್ನು ಜೇನುಗೂಡಿನಂತೆ ಹೊಂದಿಸಿದ ಗೋಡೆಯ ಮುರಿದ ಭಾಗದ ನಡುವಿನಿಂದಲೇ ಇಂದಿನ ರಸ್ತೆ ಹಾದುಹೋಗುತ್ತದೆ. ಕಾರು ನಿಧಾನಿಸಿದರೆ ಕಿಟಕಿಯಿಂದಲೇ ಕಲ್ಲಿನ ಉಳಿಗುರುತು ಕಾಣುತ್ತದೆ. ಸೇತುವೆಯಾಚೆಯ ಪ್ರೆಸ್ತೊ ದ್ವೀಪದಲ್ಲಿ ಸ್ಮಶಾನಗಳಿವೆ: ಆರ್ಥೊಡಾಕ್ಸ್ ಕ್ರೈಸ್ತರದ್ದೊಂದು, ಯಹೂದಿಗಳದ್ದೊಂದು, ಮುಸ್ಲಿಮರದ್ದೊಂದು. ಸಾಮ್ರಾಜ್ಯದ ಮೂಲೆಮೂಲೆಗಳಿಂದ ಕರೆತಂದ ಸೈನಿಕರು ಪೈನ್ ಮರಗಳ ಕೆಳಗೆ, ಪಾಚಿಗಟ್ಟಿದ ಕಲ್ಲುಗಳ ಅಡಿಯಲ್ಲಿ ಇದ್ದಾರೆ. ಮಳೆಯಲ್ಲಿ ನಾವಿಬ್ಬರಲ್ಲದೆ ಅಲ್ಲಿ ಬೇರೆ ಯಾರೂ ಇರಲಿಲ್ಲ.

ಪ್ರೆಸ್ತೊದಿಂದ ವೋರ್ಡೊಗೆ ದಾಟಿಸುವುದು ಹಗ್ಗದ ಫೆರಿ. ದಡದಿಂದ ದಡಕ್ಕೆ ನೀರಿನಡಿ ಬಿಗಿದ ಉಕ್ಕಿನ ಹಗ್ಗವನ್ನು ಹಿಡಿದು ಅದು ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ಬಾಲ್ಟಿಕ್‌ನಲ್ಲಿ ಉಬ್ಬರವಿಳಿತ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಇಂಥ ಸರಳ ಏರ್ಪಾಡು ಇಲ್ಲಿ ಸಾಧ್ಯ. ಟಿಕೆಟ್ಟೂ ಇಲ್ಲ, ಕಾದಿರಿಸುವುದೂ ಇಲ್ಲ. ದಡದಲ್ಲಿ ನಿಂತ ಕಾರು ಕಂಡರೆ ಆಚೆಯಿಂದ ಹೊರಟು ಬರುತ್ತದೆ. ಕಬ್ಬಿಣದ ತಟ್ಟೆಯ ಮೇಲೆ ಚಕ್ರ ಹತ್ತಿದಾಗ ಬಂದ ದಡಬಡ ಸದ್ದು ಕೇಳಿ ಹೆಂಡತಿ, ಸಿಗಂದೂರಿನ ಲಾಂಚು ಎಂದಳು. ನಿಜವೇ. ಶರಾವತಿಯ ಹಿನ್ನೀರಿನಲ್ಲಿ ಹೊಳೆಬಾಗಿಲಿನಿಂದ ಬಸ್ಸು, ಜೀಪು, ಜನರನ್ನು ಒಟ್ಟಿಗೇ ಹೇರಿಕೊಂಡು ಹೊರಡುತ್ತಿದ್ದ ಲಾಂಚಿನ ಸದ್ದು ಇದೇ. 2025ರ ಜುಲೈಯಲ್ಲಿ ಅಲ್ಲಿ ಸೇತುವೆ ತೆರೆಯಿತು. ಲಿಂಗನಮಕ್ಕಿ ಅಣೆಕಟ್ಟಿನಿಂದ ದ್ವೀಪದಂತಾಗಿಹೋದ ತುಮರಿ ಕಡೆಯವರು ಅದಕ್ಕಾಗಿ ಎಷ್ಟು ವರ್ಷ ಕಾದರೆಂಬುದು ನಮಗೆ ಗೊತ್ತು. ರಾತ್ರಿ ಲಾಂಚಿಲ್ಲದೆ ರೋಗಿಯನ್ನು ಇಟ್ಟುಕೊಂಡು ಕಾದವರ ಮುಂದೆ ಫೆರಿಯ ಸೊಗಸನ್ನು ವರ್ಣಿಸುವುದು ಪ್ರವಾಸಿಗೆ ಮಾತ್ರ ಸಾಧ್ಯ.

ಹುಮ್ಮೆಲ್‌ವಿಕ್ ಧಕ್ಕೆಯಿಂದ ಹೊರಡುವ ಫೆರಿ ದ್ವೀಪದಿಂದ ದ್ವೀಪಕ್ಕೆ ನಿಲ್ಲುತ್ತ ಹೋಗುತ್ತದೆ. ಆದ್ದರಿಂದ ಇಲ್ಲಿ ಮೊದಲು ಬಂದವರು ಮೊದಲು ಹತ್ತುವುದಿಲ್ಲ. ಎಲ್ಲಿ ಇಳಿಯುವವರೆಂಬುದರ ಮೇಲೆ ಸಾಲು. ಎಂಕ್ಲಿಂಗೆಯಲ್ಲಿ ಇಳಿಯುವ ಹುಲ್ಲಿನ ಹೊರೆಯ ಟ್ರ್ಯಾಕ್ಟರ್ ಕೊನೆಗೆ ಬಂತು, ಅದಕ್ಕೆ ಜಾಗ ಮಾಡಲು ನಾವಿಕ ಹುಡುಗನೊಬ್ಬ ನಮ್ಮೆಲ್ಲರ ಕಾರುಗಳನ್ನು ಗೋಡೆಗೆ ಅಂಟುವಷ್ಟು ಸರಿಸಿದ. ನನ್ನ ಬಾಗಿಲು ತೆರೆಯದಾಯಿತು. ಆಚೆಬದಿಯಿಂದ ಗೇರಿನ ಕೋಲು ದಾಟಿ ಹೊರಬರುವ ನನ್ನ ಕಸರತ್ತನ್ನು ಟ್ರ್ಯಾಕ್ಟರಿನ ಮೇಲಿದ್ದ ರೈತ ಎತ್ತರದಿಂದ ಗಂಭೀರವಾಗಿ ನೋಡುತ್ತಿದ್ದ.

ಭಾನುವಾರ: ಕುಮ್ಲಿಂಗೆ

ಟುರ್ಕುವಿಗೆ ಹೋಗುವವರಲ್ಲಿ ಹೆಚ್ಚಿನವರು ದೊಡ್ಡ ಹಡಗಿನಲ್ಲಿ ಮಲಗಿ ಈ ದ್ವೀಪಗಳನ್ನು ರಾತ್ರಿ ದಾಟಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ದಾರಿಯಲ್ಲಿ ಒಂದು ಬಿಡುವಿನ ದಿನವಿದ್ದರೆ ಅದನ್ನು ರಾಜಧಾನಿಗಲ್ಲ, ಕುಮ್ಲಿಂಗೆಯಂಥ ದ್ವೀಪಕ್ಕೆ ಕೊಡಬೇಕು. ಒಂದು ಅಂಗಡಿ, ಒಂದು ಶಾಲೆ, ಒಂದು ಚರ್ಚು, ಎದುರು ಬಂದ ಪ್ರತಿ ಕಾರಿನವನೂ ಸ್ಟೀರಿಂಗಿನಿಂದ ಬೆರಳೆತ್ತಿ ಮಾಡುವ ನಮಸ್ಕಾರ. ಸಂತ ಆನ್ನಾಳ ಕಲ್ಲಿನ ಚರ್ಚಿನ ಒಳಗೋಡೆಗಳ ತುಂಬ ಮಧ್ಯಯುಗದ ವರ್ಣಚಿತ್ರಗಳಿವೆ. ಕೆಂಪು, ಕಾವಿ, ಬೂದು ಬಣ್ಣದ ಬಳ್ಳಿಗಳ ನಡುವೆ ಸಂತರು. 1808ರ ಯುದ್ಧದಲ್ಲಿ ಇಲ್ಲಿನ ರೈತರು ರಷ್ಯಾದ ಪಡೆಯ ವಿರುದ್ಧ ಎದ್ದು ಕಾದಾಡಿದ ದ್ವೀಪವೂ ಇದೇ.

ನಾವು ತಂಗಿದ್ದ ಮರದ ಮನೆಯ ಒಡತಿ ಫೆರಿಯ ಅಡುಗೆಕೋಣೆಯಲ್ಲಿ ದುಡಿದು ನಿವೃತ್ತರಾದವರು. ಬೆಳಿಗ್ಗೆ ಕಪ್ಪು ರೊಟ್ಟಿ ತಂದುಕೊಟ್ಟರು. ದಿನಗಟ್ಟಲೆ ಹುದುಗಿಸಿ, ಬೇಯಿಸಿ, ಒಣಗಿಸಿ ಮಾಡುವ, ಮಾಲ್ಟಿನ ಸಿಹಿಯಿರುವ ಆ ರೊಟ್ಟಿಯನ್ನು ಬೆಣ್ಣೆಯ ದಪ್ಪ ಪದರವಿಲ್ಲದೆ ತಿನ್ನುವುದು ಅಪರಾಧವಂತೆ. ನಾವು ಕಾಡಿನಂಚಿನಲ್ಲಿ ಬ್ಲೂಬೆರಿ ಹುಡುಕಲು ಹೊರಟದ್ದನ್ನು ಕಂಡು ಅವರು ಮೊದಲು ನಮ್ಮ ಕಾಲುಗಳತ್ತ ನೋಡಿದರು. ಉದ್ದ ಪ್ಯಾಂಟು, ಅದರ ತುದಿ ಕಾಲುಚೀಲದೊಳಗೆ, ಬಂದ ಮೇಲೆ ಮೈಯೆಲ್ಲ ತಪಾಸಣೆ ಎಂದು ಕಟ್ಟಪ್ಪಣೆಯಾಯಿತು. ಕಾರಣ ಉಣುಗು. ಉಣುಗು ಕಚ್ಚಿ ಬರುವ ಮೆದುಳಿನ ಉರಿಯೂತಕ್ಕೆ ಈ ಕಡೆ ಬಹಳ ಕಾಲ ಕುಮ್ಲಿಂಗೆ ಕಾಯಿಲೆ ಎಂದೇ ಹೆಸರಿತ್ತು. ನಾನು ಸುಮ್ಮನಿರಲಾಗಲಿಲ್ಲ. ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ, ನಾವು ಮಂಗನ ಕಾಯಿಲೆ ಎನ್ನುವ ಜ್ವರವೂ ಉಣುಗಿನಿಂದಲೇ ಬರುತ್ತದೆ, ಎರಡರ ವೈರಸ್ಸೂ ಒಂದೇ ಕುಟುಂಬದ್ದು, ಅದಕ್ಕೂ ನಮ್ಮ ಕಾಡಿನ ಹೆಸರನ್ನೇ ಇಟ್ಟಿದ್ದಾರೆ ಎಂದೆ. ಆಕೆ ಕಾಫಿ ಲೋಟ ಕೆಳಗಿಟ್ಟು, ಹಾಗಾದರೆ ನೀವು ಹೊರಗಿನವರಲ್ಲ, ಎಂದರು. ಇಲ್ಲಿನವರಿಗೆ ಸರ್ಕಾರ ಲಸಿಕೆ ಕೊಡುತ್ತದೆ. ಬೇಸಿಗೆಯಲ್ಲಿ ಹುಲ್ಲುಗಾವಲು, ಕಾಡು ಅಲೆಯುವ ಯೋಚನೆಯಿರುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಿಕೊಳ್ಳುವುದು ಲೇಸು.

ಸಂಜೆ ಮಾತು ಫೆರಿಗಳ ಕಡೆ ಹೊರಳಿತು. ಇಲ್ಲಿಯೂ ಸೇತುವೆ, ಸುರಂಗದ ಚರ್ಚೆ ಬಹುಕಾಲದಿಂದ ನಡೆದೇ ಇದೆ. ಹತ್ತಾರು ಫೆರಿಗಳನ್ನು ವರ್ಷವಿಡೀ ಓಡಿಸುವ ವೆಚ್ಚ ಸುಮಾರು ಮೂವತ್ತು ಸಾವಿರ ಜನಸಂಖ್ಯೆಯ ಪುಟ್ಟ ಸ್ವಾಯತ್ತ ಸರ್ಕಾರಕ್ಕೆ ಹೊರೆಯೇ. ಆಕೆಯ ಮಗ ಸೇತುವೆಯ ಪರ, ಆಕೆಗೆ ಮನಸ್ಸಿಲ್ಲ. ಫೆರಿಯ ಕಾಫಿ ಕೋಣೆಯಲ್ಲಿ ಕುಳಿತರೆ ದ್ವೀಪದ ಸುದ್ದಿಯೆಲ್ಲ ಒಂದೇ ಪ್ರಯಾಣದಲ್ಲಿ ತಿಳಿಯುತ್ತದೆ, ಸೇತುವೆಯ ಮೇಲೆ ಯಾರು ಯಾರನ್ನು ಮಾತಾಡಿಸುತ್ತಾರೆ ಎಂಬುದು ಅವರ ವಾದ. ಮಗ ಟುರ್ಕುವಿನಲ್ಲಿದ್ದಾನೆ, ಬರುವುದು ಕಡಿಮೆ.

ಸೋಮವಾರ: ಬ್ರೆಂಡೊ

ಕುಮ್ಲಿಂಗೆಯಿಂದ ಲಾಪ್ಪೊ ಮಾರ್ಗವಾಗಿ ತೋರ್ಸ್‌ಹೋಲ್ಮಕ್ಕೆ ಹೋಗುವ ಫೆರಿ ಈ ಪ್ರವಾಸದ ಅತ್ಯಂತ ಸುಂದರ ಭಾಗ. ಮಳೆ ನಿಂತು ಗಾಳಿ ಬಿದ್ದಿತ್ತು. ನೀರಿನಿಂದ ಬೆನ್ನಷ್ಟೇ ಎತ್ತಿದ ನುಣುಪಾದ ಬಂಡೆಗಳು, ಒಂದೇ ಮರವಿರುವ ದ್ವೀಪ, ಒಂದೇ ಮನೆಯಿರುವ ದ್ವೀಪ. ಹಿಮಯುಗದ ಮಂಜಿನ ಭಾರ ಕಳಚಿದ ನೆಲ ಇಲ್ಲಿ ಇನ್ನೂ ಮೇಲೇಳುತ್ತಿದೆ, ನೂರು ವರ್ಷಕ್ಕೆ ಸರಿಸುಮಾರು ಅರ್ಧ ಮೀಟರಿನಂತೆ. ಅಜ್ಜ ದೋಣಿ ಕಟ್ಟುತ್ತಿದ್ದಲ್ಲಿ ಮೊಮ್ಮಗ ಹುಲ್ಲು ಕೊಯ್ಯುತ್ತಾನೆ.

ಬ್ರೆಂಡೊ ಎಂಬುದು ಸೇತುವೆ ಮತ್ತು ಕಲ್ಲಿನ ಒಡ್ಡುಗಳಿಂದ ಪೋಣಿಸಿದ ದ್ವೀಪಗಳ ಸರ. ಅಲ್ಲಿನ ಒಂದು ಜಲ್ಲಿ ರಸ್ತೆಯಲ್ಲಿ ಹಿಂದಿನ ಚಕ್ರ ಪಂಕ್ಚರ್ ಆಯಿತು. ಡಿಕ್ಕಿ ತೆರೆದರೆ ಸ್ಟೆಪ್ನಿಯೇ ಇಲ್ಲ! ಅದರ ಜಾಗದಲ್ಲಿ ಒಂದು ಡಬ್ಬಿ ಅಂಟು ಮತ್ತು ಪುಟ್ಟ ಗಾಳಿಯಂತ್ರ. ಈಗಿನ ಬಾಡಿಗೆ ಕಾರುಗಳಲ್ಲಿ ಇದೇ ರೂಢಿಯಂತೆ. ದ್ವೀಪಗಳಿಗೆ ಹೊರಡುವವರು ಕಾರು ಪಡೆಯುವಾಗಲೇ ಡಿಕ್ಕಿಯ ತಳ ಎತ್ತಿ ನೋಡಿ ಸ್ಟೆಪ್ನಿ ಇರುವ ಕಾರನ್ನು ಕೇಳಿಕೊಳ್ಳಬೇಕು. ಅಂಟಿನ ಡಬ್ಬಿಯ ಮುಚ್ಚಳ ಒಣಗಿ ಕಚ್ಚಿಕೊಂಡಿತ್ತು. ಓವಾದಿಂದ ಹೊರಡುವ ಮಧ್ಯಾಹ್ನದ ಫೆರಿಗೆ ಸ್ವಲ್ಪವೇ ಸಮಯವಿತ್ತು.

ಹತ್ತಿರದ ಮನೆಯ ಅಂಗಳದಲ್ಲಿ ಬಲೆ ಒಣಗಿಸುತ್ತಿದ್ದವನನ್ನು ಕೇಳಿದೆವು. ಆತ ಮಾತಿಲ್ಲದೆ ಕೊಟ್ಟಿಗೆಯೊಳಕ್ಕೆ ಹೋಗಿ ದೋಣಿಗೆಂದು ಇಟ್ಟಿದ್ದ ಕಂಪ್ರೆಸರನ್ನು, ಪಂಕ್ಚರ್ ಹಾಕುವ ರಬ್ಬರ್ ಬತ್ತಿಯನ್ನು ತಂದ. ಮೊಳೆಯನ್ನು ಇಕ್ಕಳದಿಂದ ಕಿತ್ತು, ತೂತನ್ನು ಉಜ್ಜಿ, ಬತ್ತಿಯನ್ನು ಸೂಜಿಯಿಂದ ಒಳಕ್ಕೆ ತುರುಕಿ, ಹೊರಗುಳಿದ ತುದಿಯನ್ನು ಮೀನು ಕೊಯ್ಯುವ ಚಾಕುವಿನಿಂದ ಸವರಿದ. ಬೆರಳಿಗೆ ಉಗುಳು ಹಚ್ಚಿ ಅದರ ಮೇಲಿಟ್ಟು ಗುಳ್ಳೆ ಬರುತ್ತದೆಯೇ ಎಂದು ನೋಡಿದ. ಬರಲಿಲ್ಲ. ಹಣ ಕೊಡಹೋದರೆ ಕೈಯಾಡಿಸಿಬಿಟ್ಟ. ಫೆರಿ ತಪ್ಪುತ್ತದೆಂದು ನಾವು ಚಡಪಡಿಸುತ್ತಿದ್ದುದನ್ನು ಕಂಡು, ಯಾರಿಗೋ ಫೋನು ಮಾಡಿ ಎರಡು ಮಾತು ಆಡಿ, ನಿಧಾನವಾಗಿ ಹೋಗಿ, ಎಂದ. ಓವಾದ ಧಕ್ಕೆಗೆ ಬಂದಾಗ ಫೆರಿ ಇನ್ನೂ ಬಾಯಿ ತೆರೆದೇ ನಿಂತಿತ್ತು. ನಮಗಾಗಿ ಕಾದಿತ್ತೋ ಅದರದ್ದೇ ತಡವೋ, ಕೇಳುವ ಧೈರ್ಯವಾಗಲಿಲ್ಲ.

ಊಸ್ನೆಸ್‌ನಲ್ಲಿ ಇಳಿದ ಕ್ಷಣಕ್ಕೆ ಸ್ವೀಡಿಷ್ ಮಾತು ಹಿಂದೆ ಉಳಿದು ಫಿನ್ನಿಷ್ ಆರಂಭ. ಓಲಾಂಡಿಗೆ ಸ್ವೀಡಿಷ್ ಒಂದೇ ಅಧಿಕೃತ ಭಾಷೆ. 1921ರಲ್ಲಿ ಲೀಗ್ ಆಫ್ ನೇಷನ್ಸ್ ಈ ದ್ವೀ­ಪಗಳು ಫಿನ್ಲೆಂಡಿನಲ್ಲೇ ಇರಲಿ, ಆದರೆ ಭಾಷೆಗೆ, ಸ್ವಾಯತ್ತತೆಗೆ ಕಾವಲಿರಲಿ ಎಂದು ತೀರ್ಪಿತ್ತಿತ್ತು. ಆ ರಾತ್ರಿ ಕುಸ್ತಾವಿಯಲ್ಲಿ ತಂಗಿ, ಸೌನಾದಲ್ಲಿ ಬೆವರಿ, ಎದುರಿನ ತಣ್ಣೀರಿಗೆ ನಾನು ಮೊಣಕಾಲಿನವರೆಗೂ ಹೆಂಡತಿ ಪೂರ್ತಿಯಾಗಿಯೂ ಇಳಿದೆವು.

ಮಂಗಳವಾರ: ಟುರ್ಕು, ಮತ್ತು ಮರಳುವ ಹಡಗು

ಟುರ್ಕು ಫಿನ್ಲೆಂಡಿನ ಅತಿ ಹಳೆಯ ನಗರ. 1827ರ ಬೆಂಕಿಯಲ್ಲಿ ಹೆಚ್ಚುಭಾಗ ಸುಟ್ಟುಹೋದದ್ದರಿಂದ ಹಳತನ ಹುಡುಕಬೇಕಾದದ್ದು ಚರ್ಚು ಮತ್ತು ಕೋಟೆಯಲ್ಲಿ. ನಮಗೆ ಹೆಚ್ಚು ಹಿಡಿಸಿದ್ದು 1896ರ ಇಟ್ಟಿಗೆಯ ಮಾರುಕಟ್ಟೆ ಮತ್ತು ಔರಾ ನದಿ. ನದಿಯನ್ನು ದಾಟಿಸಲು ಫೋರಿ ಎಂಬ ಪುಟ್ಟ ದೋಣಿ 1904ರಿಂದ ಓಡುತ್ತಿದೆ. ಪಾದಚಾರಿಗಳಿಗೆ, ಸೈಕಲ್ಲಿನವರಿಗೆ ಉಚಿತ. ದಾಟಲು ತೆಗೆದುಕೊಳ್ಳುವ ಹೊತ್ತಿಗಿಂತ ಹತ್ತಿ ಇಳಿಯುವುದಕ್ಕೇ ಹೆಚ್ಚು ಬೇಕು. ನಾವು ಕೆಲಸವಿಲ್ಲದೆ ಆಚೆ ಈಚೆ ಹೋಗಿಬಂದೆವು.

ರಾತ್ರಿಯ ಹಡಗು ಒಂದು ತೇಲುವ ಪೇಟೆ. ಅಂಗಡಿ, ಕುಣಿತ, ಹಾಡು, ಮಕ್ಕಳ ಗದ್ದಲ. ಕೆಳಗಿನ ಅಂತಸ್ತಿನ ಕೋಣೆ ಅಗ್ಗವಾದರೂ ಯಂತ್ರದ ಸದ್ದಿದೆ. ಸ್ವಲ್ಪ ಹೆಚ್ಚು ತೆತ್ತು ಕಿಟಕಿಯಿರುವ ಕೋಣೆ ಹಿಡಿದದ್ದು ಸಾರ್ಥಕವಾಯಿತು. ನಡುರಾತ್ರಿಯ ಬಳಿಕ ಹಡಗು ಓಲಾಂಡಿನ ಬಂದರಿನಲ್ಲಿ ಕೊಂಚ ಹೊತ್ತು ನಿಂತಿತು. ಹತ್ತಿದವರು, ಇಳಿದವರು ಬೆರಳೆಣಿಕೆಯಷ್ಟು. ಸುಂಕವಿಲ್ಲದ ಅಂಗಡಿಯ ಹಕ್ಕು ಉಳಿಸಿಕೊಳ್ಳಲು ಬೇಕಾದ ನಿಲುಗಡೆ ಅದು. ನಾವು ದಿನಗಳನ್ನು ಹಿಡಿದು ದಾಟಿದ್ದ ನೀರನ್ನು ಅದು ನಿದ್ದೆಯಲ್ಲಿ ಹಿಂದಕ್ಕೆ ಹಾಕುತ್ತಿತ್ತು. ನಸುಕಿನಲ್ಲಿ ಸ್ಟಾಕ್‌ಹೋಮಿನ ದ್ವೀಪಗಳ ನಡುವೆ ಹಡಗು ನುಸುಳುವಾಗ ಮೇಲಂತಸ್ತಿಗೆ ಹೋಗಿ ನಿಲ್ಲಬೇಕು. ಇಷ್ಟು ದೊಡ್ಡ ಹಡಗು ಇಷ್ಟು ಇಕ್ಕಟ್ಟಿನ ಕಾಲುವೆಯಲ್ಲಿ, ಮನೆಗಳ ಅಂಗಳದ ಪಕ್ಕದಲ್ಲೇ ಹಾದುಹೋಗುವುದನ್ನು ನೋಡಿದರೆ ಚಾಲಕನ ಮೇಲೆ ಭಕ್ತಿ ಹುಟ್ಟುತ್ತದೆ.

ಬಂದರಿನಲ್ಲಿ ಹೊರಬರುವ ಕಾರುಗಳನ್ನು ಪೊಲೀಸರು ನಿಲ್ಲಿಸಿ ಚಾಲಕರ ಉಸಿರು ಪರೀಕ್ಷಿಸುತ್ತಿದ್ದರು. ಸ್ವೀಡನ್ನಿನಲ್ಲಿ ರಕ್ತದ ಮದ್ಯದ ಮಿತಿ 0.2 ಪ್ರತಿಸಾವಿರ, ರಾತ್ರಿಯ ಬಿಯರು ಬೆಳಗಿನ ಆರು ಗಂಟೆಗೂ ಸಿಕ್ಕಿಬೀಳಬಲ್ಲದು. ನಮ್ಮ ಮುಂದಿನ ಕಾರಿನವನನ್ನು ಬದಿಗೆ ಕರೆದರು, ಅವನ ಹೆಂಡತಿ ಒಂದು ಮಾತೂ ಆಡದೆ ಇಳಿದು ಬಂದು ಸ್ಟೀರಿಂಗ್ ಹಿಡಿದಳು. ನಾನು ಕೊಳವೆಗೆ ಊದಿದಾಗ ಸೊನ್ನೆ ಬಂತು. ಪೊಲೀಸ್ ಯುವತಿ ಎಲ್ಲಿಂದ ಬಂದಿರಿ ಎಂದು ಕೇಳಿದಳು, ಕುಮ್ಲಿಂಗೆಯಿಂದ ಎಂದೆ. ಅಲ್ಲಿಂದ ಬರುವುದಕ್ಕೆ ಇದು ಬಹಳ ಸುತ್ತು, ಎಂದಳು ಆಕೆ, ಮತ್ತು ಹಿಂದಿನ ಕಾರಿಗೆ ಕೈ ಮಾಡಿದಳು.